ತಂತ್ರಿಗಳ ಇಗರ್ಜಿ

ಮೂರನೆಯ ಮಾಳಿಗೆಯ ತಿರುವಿನಲ್ಲಿ ಚಟ್ಟ ಸಿಕ್ಕಿಕೊಂಡಿತು. ಮುಂದೆ ಹಿಡಿದವರು ಎರಡು ಮೆಟ್ಟಿಲು ಇಳಿದಾಗಿತ್ತು, ಹಿಂದಿನವರು ಇನ್ನೂ ಮೇಲಿದ್ದರು. ನಡುವೆ ಹೃಷೀಕೇಶ ತಂತ್ರಿಗಳು ಗೋಡೆಗೂ ಕಬ್ಬಿಣದ ಕಟಾಂಜನಕ್ಕೂ ಅಡ್ಡವಾಗಿ ನಿಂತುಬಿಟ್ಟರು. ಲಿಫ್ಟಿನಲ್ಲಿ ಹಿಡಿಯುವುದಿಲ್ಲವೆಂದು ಮೆಟ್ಟಿಲಿಗೆ ತಂದದ್ದು, ಮೆಟ್ಟಿಲೂ ಕೈಕೊಟ್ಟಿತು.

"ಅರೇ, ಥೋಡಾ ತಿರ್ಛಾ ಕರೋ," ಎಂದ ಮನೀಶ. ತಂತ್ರಿಗಳ ತಮ್ಮನ ಮಗ ಅವನು, ಸಾನಪಾಡಾದಲ್ಲಿ ಹುಟ್ಟಿ ಬೆಳೆದವನು. ಇವತ್ತು ಬೆಂಕಿ ಕೊಡಬೇಕಾದವನೂ ಅವನೇ. ಒದ್ದೆ ಪಂಚೆ ಅವನ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಕೈ ಚಟ್ಟಕ್ಕಾದರೆ ಇನ್ನೊಂದು ಕೈ ಪಂಚೆಗೆ.

"ಓರೆ ಮಾಡಿದ್ರೆ ತಂತ್ರಿಗಳು ಜಾರ್ತಾರೆ ಮಾರಾಯ. ಕಟಾಂಜನದ ಮೇಲಿಂದ ಎತ್ತಿ," ಎಂದು ಕೆಳಗಿನಿಂದ ಯಾರೋ ಹೇಳಿದರು.

ಮೇಲೆ ಬಾಗಿಲಲ್ಲಿ ನಿಂತಿದ್ದ ಪದ್ಮಾವತಿ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ತಂತ್ರಿಗಳ ಒಬ್ಬಳೇ ತಂಗಿ. ಡೊಂಬಿವಲಿಯಲ್ಲಿ ಗಂಡನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೂತು ಮಾತು ಹರಿತವಾಗಿತ್ತು. "ಆಯುಷ್ಯ ಇಡೀ ಕಂಡವರ ಕಟ್ಟಡಕ್ಕೆ ನಕ್ಷೆ ಬರೆದ. ತನ್ನ ಹೆಣ ಇಳಿಯುವಷ್ಟು ಜಾಗ ಉಂಟಾ ಅಂತ ನೋಡದೆ ಮನೆ ತಗೊಂಡ, ನೋಡು ನನ್ನ ಅಣ್ಣ," ಎಂದು ಹೇಳಿ ಅಳತೊಡಗಿದರು.

ಅತ್ತೆಯ ಪಕ್ಕದಲ್ಲಿ ನಿಂತ ಶ್ರೀವಾಣಿಗೆ ಅಳು ಬರಲಿಲ್ಲ. ತಂತ್ರಿಗಳಿಗೆ ಅವಳೊಬ್ಬಳೇ ಮಗಳು, ಮದುವೆಯಾಗಿರಲಿಲ್ಲ, ವಯಸ್ಸು ನಲವತ್ತಾರು. ಅಪ್ಪನ ಎರಡು ಪಾದಗಳು ಗೋಡೆಗೆ ಒತ್ತಿಕೊಂಡಿರುವುದು ಅವಳಿಗೆ ಕಾಣುತ್ತಿತ್ತು, ಬಸ್ಸು ಹತ್ತಲಾರೆನೆಂದು ಮಗು ಕಾಲು ಊರಿ ನಿಂತ ಹಾಗೆ. ಅವಳಿಗೆ ಸಿಟ್ಟು ಬಂತು. ಸತ್ತ ಮೇಲಾದರೂ ಹೊರಡಬಾರದೇ ಈ ಮನುಷ್ಯ ಎನಿಸಿತು. ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಆಸ್ಪತ್ರೆಯಲ್ಲಿ ಅಪ್ಪ ಆಡಿದ ಕೊನೆಯ ಸರಿಯಾದ ಮಾತು ಅವಳ ಕಿವಿಯಲ್ಲೇ ಇತ್ತು. "ವಾಣೀ, ಇನ್ನು ನಿನಗೆ ಕಷ್ಟ ಇಲ್ಲ. ಇಗರ್ಜಿ ಮಾಡಿನದ್ದು ಎಲ್ಲ ಮಾಡಿಸಿದ್ದೇನೆ. ಬಾಸ್ತ್ಯಾಂವಿಗೆ ಗೊತ್ತುಂಟು."

ಮಾಡು ಎಂದರೆ ಇಲ್ಲೇ, ಮುಂಬಯಿಯ ಹೊರವಲಯದ ಅಂಬರನಾಥದಲ್ಲಿ ಅಪ್ಪ ಕಟ್ಟಿಸಿದ ಕ್ರೈಸ್ತರ ಇಗರ್ಜಿಯ ಕಾಂಕ್ರೀಟಿನ ಛಾವಣಿ. ಬಾಸ್ತ್ಯಾಂವ್ ಎಂದರೆ ಅಲ್ಲಿ ಗಂಟೆ ಹೊಡೆಯುವ, ಕಸ ಗುಡಿಸುವ ಮುದುಕ. ಕಷ್ಟ ಯಾವುದೆಂದು ಅಪ್ಪನಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಜೂನ್ ಬಂತೆಂದರೆ ಆ ಮಾಡು ಹತ್ತಿ ನೀರಿನ ದಾರಿ ಬಿಡಿಸುವುದು, ಮಳೆಗಾಲ ಮುಗಿಯುವವರೆಗೂ ವಾರಕ್ಕೊಮ್ಮೆಯಾದರೂ ಹತ್ತುವುದು, ಅದಕ್ಕಾಗಿ ಬೇರೆ ಊರಿಗೆ ಹೋಗದಿರುವುದು. ವಿಮಾ ಕಚೇರಿಯಲ್ಲಿ ಎರಡು ಸಲ ಬಡ್ತಿ ಬಂದಿತ್ತು, ಎರಡೂ ಸಲ ಬೇರೆ ಊರಿಗೆ. ಎರಡನ್ನೂ ಬಿಟ್ಟಳು. ಮೂರನೆಯದು ಕೊಲ್ಲಾಪುರಕ್ಕೆ, ಜುಲೈ ಒಂದಕ್ಕೆ ಹೋಗಿ ಸೇರಬೇಕು. ಇದನ್ನೂ ಬಿಟ್ಟರೆ ಇನ್ನು ಕೇಳುವವರಿಲ್ಲ. ಅಪ್ಪನ ಮಾತು ಕೇಳಿದ ದಿನವೇ ಅವಳು ಆಸ್ಪತ್ರೆಯ ವರಾಂಡದಿಂದ ಸಾಹೇಬರಿಗೆ ಫೋನು ಮಾಡಿ ಬರುತ್ತೇನೆ ಎಂದಿದ್ದಳು.

ಮಾಡಿನ ಮೇಲೆ ನೀರು ನಿಲ್ಲದಂತೆ ತಗಡಿನ ಶೀಟು ಹಾಕಿಸಲು ಅಪ್ಪ ಕೊನೆಗೂ ಒಪ್ಪಿರಬೇಕೆಂದು ಅವಳ ನಂಬಿಕೆ. ಮತ್ತೇನು ಮಾಡಿಸಲು ಸಾಧ್ಯವಿತ್ತು?

"ಏಕ್, ದೋ, ತೀನ್," ಎಂದ ಮನೀಶ. ತಂತ್ರಿಗಳು ಕಟಾಂಜನದ ಮೇಲಿಂದ ಎದ್ದು, ತಿರುಗಿ, ಕೆಳಗಿಳಿದರು.

ಕೆಳಗೆ ಛತ್ರಿ ಹಿಡಿದು ಫಾದರ್ ಲ್ಯಾನ್ಸಿ ನಿಂತಿದ್ದರು. ಮಂಗಳೂರಿನ ಕಡೆಯವರು, ಇಗರ್ಜಿಗೆ ಬಂದು ನಾಲ್ಕು ವರ್ಷವಾಗಿತ್ತು. ಗಾಡಿ ಇಗರ್ಜಿಯ ಮುಂದಿನಿಂದಲೇ ಹೋಗುತ್ತದಲ್ಲ, ಆಗ ಗಂಟೆ ಹೊಡೆಸಬಹುದೇ ಎಂದು ಅವರು ಕೇಳಿದರು. ಭಟ್ಟರು ಮುಖ ಗಂಟು ಹಾಕಿದರು. ಅತ್ತೆ ಮೇಲಿನಿಂದಲೇ, "ಹೊಡೆಯಲಿ ಭಟ್ರೇ. ಅವನು ಕಟ್ಟಿಸಿದ ಗಂಟೆ, ಅವನೇ ಕೇಳಿಕೊಂಡು ಹೋಗ್ತಾನೆ," ಎಂದರು. ಅಲ್ಲಿಗೆ ಅದು ತೀರ್ಮಾನವಾಯಿತು.

*

ಅಪ್ಪ ಈ ಕತೆ ಹೇಳದೆ ಬಿಟ್ಟ ಅತಿಥಿಯೇ ಇಲ್ಲ. ಎಪ್ಪತ್ತರ ದಶಕ. ಠಾಣೆಯ ಕಚೇರಿಯೊಂದರಲ್ಲಿ ಕಾರ್ಖಾನೆಯ ಶೆಡ್ಡುಗಳ ನಕ್ಷೆ ಬರೆಯುತ್ತಿದ್ದ ಹುಡುಗ, ಉಡುಪಿಯ ಕಡೆಯ ತಂತ್ರಿಗಳ ಮಗ. ಅಂಬರನಾಥದ ಕಾರ್ಖಾನೆ ಕೆಲಸಗಾರರಿಗೆ ಒಂದು ಇಗರ್ಜಿ ಬೇಕೆಂದು ಗೋವೆಯ ಪಾದ್ರಿಯೊಬ್ಬರು ಬಂದರು. ಗೋಪುರ ಬೇಡ, ಕಮಾನು ಬೇಡ, ಬಣ್ಣದ ಗಾಜು ಬೇಡ, ಈ ಕಾಲದ್ದು ಅನ್ನುವ ಹಾಗಿರಲಿ ಎಂದರು. ದೊಡ್ಡವರು ಯಾರೂ ಕೈಹಾಕದ ಕೆಲಸ ಹುಡುಗನ ಮೇಜಿಗೆ ಬಂತು.

ಹುಡುಗ ಎರಡು ಅಂಗೈ ಸೇರಿಸಿ ತೀರ್ಥಕ್ಕೆ ಒಡ್ಡಿದಂತೆ ಮುಂದೆ ಹಿಡಿದ. "ನೀರು ಹೊಯ್ಯಿರಿ ಫಾದರ್," ಎಂದ. ಪಾದ್ರಿ ಕುಡಿಯುವ ಗ್ಲಾಸಿನಿಂದ ಹೊಯ್ದರು. ನೀರು ಎರಡೂ ಕಡೆಯಿಂದ ನಡುವಿಗೆ ಇಳಿದು ಮಣಿಕಟ್ಟಿನ ಸಂದಿಯಿಂದ ಒಂದೇ ಧಾರೆಯಾಗಿ ಬಿತ್ತು. ಮಾಡು ಹೀಗಿರುತ್ತದೆ ಎಂದ ಹುಡುಗ. ಹೊರಕ್ಕೆ ಇಳಿಜಾರಲ್ಲ, ಒಳಕ್ಕೆ. ಎರಡು ಕಾಂಕ್ರೀಟು ಹಲಗೆಗಳು ನಡುವೆ ಕೂಡುತ್ತವೆ. ನೀರೆಲ್ಲ ಹಿಂದಕ್ಕೆ ಹರಿದು ಒಂದು ತೂತಿನಿಂದ ಪೀಠದ ಹಿಂದೆ ಬೀಳುತ್ತದೆ. ಅಲ್ಲಿ ಗೋಡೆಯ ಬದಲು ನೆಲದಿಂದ ಮಾಡಿನವರೆಗೆ ಗಾಜು. ಪೂಜೆಗೆ ಕೂತವರಿಗೆ ಮಳೆಯೇ ಪರದೆ.

ಜೊತೆಗಿದ್ದ ಗುತ್ತಿಗೆದಾರ ಬಿಡಲಿಲ್ಲ: "ಒಂದು ತೂತು ಕಟ್ಟಿಕೊಂಡರೆ? ಎರಡು ಇಡಿ."

"ಗರ್ಭಗುಡಿಯಿಂದ ತೀರ್ಥ ಹೋಗಲಿಕ್ಕೆ ಒಂದೇ ದಾರಿ. ಎರಡು ಇಟ್ಟವರನ್ನು ನಾನು ಕಂಡಿಲ್ಲ," ಎಂದ ಹುಡುಗ.

"ಇದು ಗುಡಿಯಲ್ಲ, ಇಗರ್ಜಿ."

"ಅದು ನೀರಿಗೆ ಗೊತ್ತುಂಟಾ?"

ಇಲ್ಲಿಗೆ ಬಂದಾಗ ಅಪ್ಪ ನಗುತ್ತಿದ್ದರು, ಅತಿಥಿಗಳೂ ನಗುತ್ತಿದ್ದರು. ಅಡಿಗೆಮನೆಯಲ್ಲಿ ಅಮ್ಮ ಮಾತ್ರ ನಗುತ್ತಿರಲಿಲ್ಲ. ಮುಂದಿನ ಕತೆ ಗೊತ್ತಿದ್ದವಳು ಅವಳು. ಇಗರ್ಜಿಯ ಅಂಗಳದಲ್ಲಿ ಯಾರೋ ನೆಟ್ಟ ಗುಲ್‌ಮೊಹರ್ ಮಾಡಿಗಿಂತ ಎತ್ತರ ಬೆಳೆಯಿತು. ಅದರ ಎಲೆ ಜೀರಿಗೆಯಷ್ಟು ಸಣ್ಣದು. ತೂತಿಗೆ ಜಾಳಿಗೆ ಹಾಕಿದರೆ ಜಾಳಿಗೆಯನ್ನೇ ಮುಚ್ಚಿತು, ಹಾಕದಿದ್ದರೆ ಒಳಗಿನ ತಿರುವಿನಲ್ಲಿ ಕೂತು ಕೆಸರಾಯಿತು. ಮಾಡಿನ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಭುಜದವರೆಗೆ ಕೈ ಇಳಿಸಿ ತೆಗೆಯಬೇಕು. ಹರಿಶ್ಚಂದ್ರನೆಂಬ ಗಾರೆಯವನನ್ನು ಹತ್ತಿಸಿದ್ದರು. ಅವನು ಪಾಚಿಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ. ತಪ್ಪು ನನ್ನದು, ಇನ್ನು ಬೇರೆಯವರ ಮಕ್ಕಳನ್ನು ಹತ್ತಿಸುವುದಿಲ್ಲ ಎಂದು ಅಪ್ಪ ಅಲ್ಲೇ ಕೈಮುಗಿದರು. ಅಂಚಿನಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಬಳೆ ಕೂರಿಸಿ ತಾವೇ ಹತ್ತಿದರು. ಠಾಣೆಯ ಬಾಡಿಗೆ ಮನೆ ಬಿಟ್ಟು, ಅಡಿಗೆಮನೆಯ ಕಿಟಕಿಯಿಂದ ಆ ಮಾಡು ಕಾಣುವ ಹಾಗೆ ಈ ಮನೆ ಹಿಡಿದರು.

"ಅದು ನಿಮ್ಮ ಹಿರಿಮಗಳು. ಅವಳಿಗೆ ಮದುವೆಯೂ ಇಲ್ಲ, ಸಾವೂ ಇಲ್ಲ," ಎನ್ನುತ್ತಿದ್ದಳು ಅಮ್ಮ. ಹಾಗೆ ಹೇಳುತ್ತ ಹೇಳುತ್ತಲೇ ಅವಳು ತೀರಿಹೋದಳು.

*

ಗಂಡಸರು ಹೋದ ಮೇಲೆ ಹೆಂಗಸರು ಮನೆ ತೊಳೆದರು. ಶ್ರೀವಾಣಿ ತಲೆಗೆ ನೀರು ಹೊಯ್ದುಕೊಂಡು ಬಂದು ಅಡಿಗೆಮನೆಯಲ್ಲಿ ನಿಂತಳು. ದೂರದಲ್ಲಿ ಗಂಟೆ ಕೇಳಿಸಿತು, ಒಂದೊಂದಾಗಿ, ನಡುವೆ ತುಂಬ ಹೊತ್ತು ಬಿಟ್ಟು. ಅವಳು ಒಂದೊಂದನ್ನೂ ಎಣಿಸಿದಳು.

ಎದುರು ಮನೆಯ ಜಯಲತಾ ಚಹ ತಂದುಕೊಟ್ಟಳು. "ಕುಡಿ. ಬೆಳಿಗ್ಗೆಯಿಂದ ಎಂತದೂ ಹೋಗಲಿಲ್ಲ ನಿನ್ನ ಹೊಟ್ಟೆಗೆ. ಇನ್ನು ನಿನ್ನದು ನೀನು ನೋಡಿಕೊಳ್ಳಬೇಕು. ಕೊಲ್ಲಾಪುರದಲ್ಲಿ ಮನೆ ಸಿಕ್ಕಿತಾ?"

"ಆಫೀಸಿನವರ ಕ್ವಾರ್ಟರ್ಸ್ ಉಂಟಂತೆ."

"ಕೊಲ್ಲಾಪುರವಾ? ನನಗೆ ಯಾರೂ ಹೇಳಲಿಲ್ಲ," ಎಂದರು ಅತ್ತೆ. ಮತ್ತೆ ಅವರೇ, "ಹೋಗು. ಹೋಗಿಬಿಡು ಮಗಾ. ಬೇರೆಯವರ ಮಕ್ಕಳನ್ನು ಹತ್ತಿಸುವುದಿಲ್ಲ ಅಂತ ದೊಡ್ಡ ಧರ್ಮರಾಯನ ಹಾಗೆ ಹೇಳಿದ. ಅವನ ಕೈಲಿ ಆಗದಾಗ ತನ್ನ ಮಗಳನ್ನು ಹತ್ತಿಸಿದ. ಸತ್ತವನ ಬಗ್ಗೆ ಆಡಬಾರದು. ಆಡದಿದ್ರೆ ನನಗೆ ಉಸಿರು ಕಟ್ತದೆ," ಎಂದರು.

ಆಗ ಫಾದರ್ ಲ್ಯಾನ್ಸಿ ಬಂದರು. ಗಾಡಿ ದಾಟಿದ ಮೇಲೆ ಸ್ಮಶಾನಕ್ಕೆ ಹೋಗದೆ ನೇರ ಇಲ್ಲಿಗೇ ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಒದ್ದೆ ನೆಲದಲ್ಲಿ ಎಲ್ಲಿ ಕಾಲಿಡಬೇಕೆಂದು ತಿಳಿಯದೆ ನಿಂತರು. ಶ್ರೀವಾಣಿ ಕುರ್ಚಿ ಎಳೆದುಕೊಟ್ಟಳು. ಇನ್ನು ಕಾಯಲು ಅವಳಿಂದ ಆಗಲಿಲ್ಲ.

"ಫಾದರ್, ಶೀಟಿನ ವಿಷಯ ಅಪ್ಪ ನಿಮಗೆ ಹೇಳಿದ್ರಲ್ಲ?"

"ಯಾವ ಶೀಟು?"

"ಮಾಡಿನ ಮೇಲೆ. ಎಲ್ಲ ಮಾಡಿಸಿದ್ದೇನೆ ಅಂದಿದ್ರು ನನ್ನ ಹತ್ರ."

ಫಾದರ್ ತಲೆಯಾಡಿಸಿದರು. "ನನಗೆ ಎಂತದೂ ಹೇಳ್ಲಿಲ್ಲ ವಾಣಿ. ಹೋದ ತಿಂಗಳು ಬಾಸ್ತ್ಯಾಂವನ್ನು ಕರೆಸಿ ಏನೋ ಹೇಳಿದ್ದಾರಂತೆ, ನಾನು ಕೇಳಲಿಲ್ಲ. ಶೀಟಿಗೆ ಅವರು ಒಪ್ಪಿದ್ರೆ ನಮ್ಮ ಸಮಿತಿಯವರು ಅದೇ ಸಂಜೆ ಪೇಡಾ ಹಂಚ್ತಿದ್ರು." ಆಮೇಲೆ ಸ್ವರ ತಗ್ಗಿಸಿದರು. "ನನ್ನ ಕಷ್ಟ ನಿಮಗೆ ಗೊತ್ತುಂಟು. ಒಂದು ಕಡೆ ಸಮಿತಿ, ಸೋರುವ ಮಾಡು ಸಾಕಾಯ್ತು ಅಂತದೆ. ಇನ್ನೊಂದು ಕಡೆ ಮುಂಬಯಿಯಿಂದ ಬರುವ ಆ ಆರ್ಕಿಟೆಕ್ಟುಗಳು. ನೆಲದಲ್ಲಿ ಮಲಗಿ ಫೋಟೋ ತೆಗೀತಾರೆ, ಇಂಥದ್ದು ಇನ್ನೊಂದಿಲ್ಲ, ಕಾಪಾಡಿ ಅಂತಾರೆ. ಕಾಪಾಡ್ಲಿಕ್ಕೆ ಮೇಲೆ ಹತ್ತುವವರು ಅವರಲ್ಲಿ ಒಬ್ಬರೂ ಇಲ್ಲ. ನಾನು ಇಬ್ಬರಿಗೂ ಒಂದೇ ಮಾತು ಹೇಳಿದ್ದೇನೆ. ತಂತ್ರಿಗಳಿರುವವರೆಗೆ ಅವರ ಮಾತು. ಆಮೇಲೆ ನಿಮ್ಮದು."

"ನನ್ನದಾ?"

"ಮತ್ತೆ ಯಾರದು?"

ಶ್ರೀವಾಣಿ ಕಿಟಕಿಯ ಕಡೆ ನೋಡಿದಳು. ಮಳೆ ಜೋರಾಗಿತ್ತು. ಮನೆಗಳ ನಡುವಿನ ಸಂದಿಯಲ್ಲಿ ಆ ಬೂದಿ ಬಣ್ಣದ ಮಾಡು ಎರಡು ಕೈ ಒಡ್ಡಿಕೊಂಡು ಕೂತಿತ್ತು, ಚಿಕ್ಕಂದಿನಿಂದ ಅವಳು ನೋಡುತ್ತಿದ್ದ ಹಾಗೆಯೇ.

"ಹಾಗಾದ್ರೆ ಹಾಕಿಬಿಡಿ ಫಾದರ್," ಎಂದಳು. "ಶೀಟು ಹಾಕಿಸಿ. ನನ್ನದು ಒಪ್ಪಿಗೆ ಉಂಟು."

ಅತ್ತೆ ನಿಟ್ಟುಸಿರು ಬಿಟ್ಟು, "ಅಬ್ಬಾ," ಎಂದರು.

ಫಾದರ್ ಒಳ್ಳೆಯವರು. ಕೆಟ್ಟವರಾಗಿದ್ದರೆ ಆ ಮಾತನ್ನು ಕಿಸೆಗೆ ಹಾಕಿಕೊಂಡು ಎದ್ದುಹೋಗುತ್ತಿದ್ದರು. "ಇವತ್ತಿನ ಮಾತು ನಾನು ತೆಗೆದುಕೊಳ್ಳುವುದಿಲ್ಲ ವಾಣಿ," ಎಂದರು. "ಚಿತೆ ಇನ್ನೂ ಉರಿತಾ ಉಂಟು. ನಿಮ್ಮ ಹದಿಮೂರು ದಿನ ಕಳೆಯಲಿ. ಆಮೇಲೂ ಇದನ್ನೇ ಹೇಳಿದ್ರೆ ಮಾರನೆ ದಿನ ಕೆಲಸದವರು ಬರ್ತಾರೆ. ಅವಸರದಲ್ಲಿ ಹೇಳಿಸಿದೆ ಅಂತ ನಿಮಗೆ ನಾಳೆ ಅನಿಸಬಾರದು."

ಹದಿಮೂರು ದಿನ ಕಳೆಯುವುದರೊಳಗೆ ಜುಲೈ ಒಂದು ದಾಟಿರುತ್ತಿತ್ತು, ಅಲ್ಲಿಯವರೆಗೆ ಮಾಡು ಹತ್ತುವವಳು ಅವಳೇ. ಅಷ್ಟು ಪ್ರೀತಿಯಿಂದ ಆಡಿದ ಮಾತಿಗೆ ಏನೆಂದು ಎದುರಾಡುವುದು? "ಆಯ್ತು ಫಾದರ್," ಎಂದಳು.

*

ಶ್ರೀವಾಣಿ ಮೊದಲ ಸಲ ಮಾಡು ಹತ್ತಿದ ದಿನ ಅಪ್ಪ ಕೆಳಗೆ ನಿಂತಿದ್ದರು. ಎದೆಯ ಆಪರೇಷನ್ ಆಗಿ ಎರಡು ತಿಂಗಳಾಗಿತ್ತಷ್ಟೆ. "ಈ ಒಂದು ಮಳೆಗಾಲ ನೋಡು ವಾಣೀ. ಬರುವ ವರ್ಷ ನಾನೇ," ಎಂದಿದ್ದರು. ಮೇಲೆ ಹೋಗಿ ಮಲಗಿ ಕೈ ಚಾಚಿದರೆ ಬಳೆ ಸಿಗಲಿಲ್ಲ. ಅಪ್ಪ ಆರಡಿ ಆಳು, ಬಳೆ ಅವರ ತೋಳಿಗೆ ಕೂರಿಸಿದ್ದು. ಅವಳು ಬಳೆಯ ಕಡೆ ತೆವಳಿ ದುಪಟ್ಟಾ ಬಿಚ್ಚಿ ಅದಕ್ಕೆ ಕಟ್ಟಿದಳು, ಹಿಂದೆ ಸರಿದು ತುದಿಯನ್ನು ಎಡಗೈಗೆ ಸುತ್ತಿಕೊಂಡಳು, ಬಲಗೈ ತೂತಿಗಿಳಿಸಿದಳು. ಕೊಳೆತ ಎಲೆಯ ತಣ್ಣನೆಯ ಮುದ್ದೆ ಕೈಗೆ ಬಂತು. ನೀರು ಗೊಳಗೊಳ ಇಳಿಯಿತು. ಕೆಳಗೆ ಯಾರೋ ಚಪ್ಪಾಳೆ ತಟ್ಟಿದರು. ಮಳೆಯ ಪರದೆ ಬಿದ್ದಿತ್ತು. ಅದು ಒಳಗಿದ್ದವರಿಗೆ ಮಾತ್ರ ಕಾಣುವುದು. ಅಂದಿನಿಂದ ಶ್ರೀವಾಣಿ ಅದನ್ನು ನೋಡಿದ್ದೇ ಇಲ್ಲ. ಅದು ಬೀಳುವ ಹೊತ್ತಿಗೆ ಅವಳು ಯಾವತ್ತೂ ಮೇಲಿರುತ್ತಿದ್ದಳು.

ಬರುವ ವರ್ಷವೂ ಅದೇ ಮಾತು, ಅದರ ಮರುವರ್ಷವೂ. ಹೀಗೆ ಹತ್ತು ಹನ್ನೊಂದು ಮಳೆಗಾಲ. ದುಪಟ್ಟಾದ ವಿಷಯ ಅವಳು ಅಪ್ಪನಿಗೆ ಹೇಳಲಿಲ್ಲ. ಆಮೇಲಿನ ವರ್ಷಗಳಲ್ಲಿ ಅಪ್ಪ ಮನೆಯ ಕಿಟಕಿಯಲ್ಲೇ ಕೂತು ನೋಡುತ್ತಿದ್ದರು, ಅಷ್ಟು ದೂರಕ್ಕೆ ಏನು ಕಂಡೀತು ಎಂದುಕೊಂಡಿದ್ದಳು.

ಈ ಏಪ್ರಿಲ್‌ನಲ್ಲಿ ಒಂದು ಸಂಜೆ, ಅವಳು ಆಫೀಸಿನಿಂದ ಬಂದು ಇನ್ನೂ ಚೀಲ ಇಳಿಸಿರಲಿಲ್ಲ, ಅಪ್ಪ ಹತ್ತಿರ ಕರೆದರು. "ಎಡಗೈ ಚಾಚು," ಎಂದರು. ಭುಜದಿಂದ ಬೆರಳ ತುದಿಯವರೆಗೆ ತಮ್ಮ ಗೇಣು ಹಾಕಿ ಅಳೆದರು. ಇನ್ನೊಮ್ಮೆ ಅಳೆದರು.

"ಎಂತ, ರವಿಕೆ ಹೊಲಿಸ್ತೀರಾ?" ಎಂದು ಅವಳು ನಕ್ಕಳು.

"ಅಮ್ಮನ ಕೈಯೇ ನಿನ್ನದು. ಸಣ್ಣದು," ಎಂದರು ಅಪ್ಪ. ಎಂದೂ ಮೈದಡವದ ಮನುಷ್ಯ. ವಯಸ್ಸಾದ ಮೇಲೆ ಹೀಗೊಂದು ಮುದ್ದು ಬಂತೆಂದು ಅವಳಿಗೆ ಖುಷಿಯೇ ಆಗಿತ್ತು.

*

ಫಾದರ್ ಇನ್ನೂ ಕೂತಿದ್ದಾಗಲೇ ಬಾಗಿಲು ಬಡಿದದ್ದು ಬಾಸ್ತ್ಯಾಂವ್. ತಲೆಯ ಮೇಲೆ ಗೋಣಿ ಹೊದ್ದುಕೊಂಡಿದ್ದ. ಫಾದರನ್ನು ನೋಡಿದ, ಶ್ರೀವಾಣಿಯನ್ನು ನೋಡಿದ, ಮಾತು ತೊದಲಿದ.

"ಇವತ್ತು ಹೇಳಬಾರದು ಅಕ್ಕ. ಮಾಡಿನಲ್ಲಿ ನೀರು ನಿಂತಿದೆ. ಪೀಠದ ಬಲಗಡೆ ಸುರಿತಾ ಉಂಟು. ಬಟ್ಟೆಯೆಲ್ಲ ಎತ್ತಿಟ್ಟೆ. ಭಾರಕ್ಕೆ ಎಂತಾದ್ರೂ ಆದ್ರೆ…"

ಹತ್ತು ದಿನ ಆಸ್ಪತ್ರೆಯಲ್ಲೇ ಕಳೆದಿತ್ತು. ಈ ವರ್ಷ ಅವಳಿನ್ನೂ ಹತ್ತಿರಲಿಲ್ಲ.

"ಬೇಡ, ಬೇಡ. ಬೇರೆ ಯಾರನ್ನಾದ್ರೂ ಕರೆಸುವಾ," ಎಂದು ಫಾದರ್ ಎದ್ದರು.

"ಯಾರನ್ನು?" ಎಂದಳು ಶ್ರೀವಾಣಿ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗೂಟದಲ್ಲಿದ್ದ ಹಳೆಯ ದುಪಟ್ಟಾ ತೆಗೆದು ಹೆಗಲಿಗೆ ಹಾಕಿಕೊಂಡಳು.

"ಸೂತಕ ಉಂಟಲ್ಲ ಅವಳಿಗೆ. ದೇವರಿರುವ ಜಾಗಕ್ಕೆ ಹೋಗುವುದಾ?" ಎಂದು ಜಯಲತಾ ಅತ್ತೆಯ ಮುಖ ನೋಡಿದಳು.

ಅತ್ತೆ ಶ್ರೀವಾಣಿಯ ಕಡೆ ತಿರುಗಿದರು. "ಒಳಗೆ ಹೋಗಬೇಡ. ಮೇಲೆ ಹೋಗು," ಎಂದರು. "ಮೇಲೆ ಯಾವ ದೇವರು ಉಂಟು, ಕಾಗೆ ಬಿಟ್ಟರೆ." ಹಾಗೆಂದವರು ಕಿಟಕಿಯ ಹತ್ತಿರ ಹೋಗಿ, ಅಣ್ಣ ಕೂರುತ್ತಿದ್ದ ಕುರ್ಚಿಯಲ್ಲೇ ಕೂತರು.

ದಾರಿಯಲ್ಲಿ ಅವಳು ಬಾಸ್ತ್ಯಾಂವನ್ನು ಕೇಳಿದಳು. "ಹೋದ ತಿಂಗಳು ಅಪ್ಪ ಕರೆಸಿದ್ರಂತಲ್ಲ. ಎಂತ ಹೇಳಿದ್ದು?"

"ನಿಮಗೆ ಹೇಳಲಿಲ್ವಾ?" ಅವನಿಗೆ ಆಶ್ಚರ್ಯ. "ನಾನೇ ಕೂತು ಮಾಡಿಸಿದೆ ಅಕ್ಕ. ಕಿಟಕಿಯಿಂದ ನೋಡ್ತಾ ಇದ್ರು, ಫೋನಲ್ಲಿ ಹೇಳ್ತಾ ಇದ್ರು. ಆಚೆ ಸರಿಸು, ಈಚೆ ಸರಿಸು ಅಂತ ನನ್ನ ಜೀವ ತೆಗೆದ್ರು."

ಅವಳು ತಟ್ಟನೆ ನಿಂತಳು. "ಇನ್ನೊಂದು ತೂತಾ?"

"ತಂತ್ರಿಗಳು ಇನ್ನೊಂದು ತೂತು ಇಡುವವರಾ?" ಅವನು ನಕ್ಕ, ದಿನ ಯಾವುದೆಂದು ನೆನಪಾಗಿ ನಗು ನುಂಗಿದ. "ನೀವೇ ನೋಡಿ. ಗಟ್ಟಿ ಕೆಲಸ."

ಏಣಿ ಹತ್ತಿದಳು. ಮಾಡಿನ ಬೊಗಸೆಯಲ್ಲಿ ಮೊಣಕಾಲೆತ್ತರ ನೀರು, ಮೇಲೆ ಕೆಂಪು ಹೂವಿನ ಎಸಳು, ಜೀರಿಗೆಯಂಥ ಎಲೆ. ಅಂಚಿಗೆ ನಡೆದು ಹೊಟ್ಟೆಯ ಮೇಲೆ ಮಲಗಿದಳು. ತಣ್ಣನೆಯ ನೀರು ಕತ್ತಿನವರೆಗೆ ಬಂತು. ದುಪಟ್ಟಾ ಬಿಚ್ಚಿ, ಬಳೆಯ ಕಡೆ ತೆವಳಲು ಎಡಗೈ ಚಾಚಿದಳು.

ಕೈ ಪೂರ್ತಿ ಚಾಚುವ ಮೊದಲೇ ಬೆರಳಿಗೆ ಏನೋ ತಾಗಿತು.

ಅಪ್ಪನ ಕಬ್ಬಿಣದ ಬಳೆ ಆಚೆ ತುಕ್ಕು ಹಿಡಿದು ಹಾಗೆಯೇ ಇತ್ತು. ಇದು ಅದಕ್ಕಿಂತ ಈಚೆ. ಸುತ್ತಲಿನ ಸಿಮೆಂಟು ಇನ್ನೂ ಬಿಳಿ, ಪಾಚಿ ಕಟ್ಟಿರಲಿಲ್ಲ. ಸ್ಟೀಲಿನ ಬಳೆ. ಅವಳು ಹಿಡಿದಳು. ತೋಳು ಎಳೆಯಲಿಲ್ಲ, ಮಡಚಲಿಲ್ಲ. ಎಷ್ಟು ಬೇಕೋ ಅಷ್ಟೇ ಇತ್ತು.

"ಕಾಣ್ತಾ ಅಕ್ಕ?" ಕೆಳಗಿನಿಂದ ಬಾಸ್ತ್ಯಾಂವ್ ಕೂಗಿದ. "ನೀವು ಶಾಲು ಕಟ್ಟಿ ನೇತಾಡುವುದು ನೋಡಲಿಕ್ಕಾಗುವುದಿಲ್ಲ ಅಂತ ಹೇಳಿದ್ರು. ತುಕ್ಕು ಹಿಡಿಯದ್ದೇ ಬೇಕು ಅಂದ್ರು. ಇನ್ನು ಐವತ್ತು ವರ್ಷಕ್ಕೆ ಅದಕ್ಕೆ ಎಂತದೂ ಆಗುವುದಿಲ್ಲ."

ದುಪಟ್ಟಾ ಕೈಬಿಟ್ಟು ನೀರಿನಲ್ಲಿ ತೇಲಿತು. ಬಲಗೈ ತಾನಾಗಿ ತೂತಿಗಿಳಿಯಿತು, ತಿರುವಿನ ಮುದ್ದೆಯನ್ನು ಹುಡುಕಿತು, ಎಳೆಯಿತು. ನೀರು ಒಮ್ಮೆ ಸುತ್ತಿ ಒಳಗೆ ನುಗ್ಗಿತು. ಕೆಳಗೆ ಗಾಜಿನ ಮೇಲೆ ಅದು ಬೀಳುವ ಸದ್ದು, ಫಾದರ್ ಏನೋ ಕೂಗಿದ ಸದ್ದು ಕೇಳಿಸಿತು. ಆಗ ಅವಳಿಗೆ ಅಳು ಬಂತು. ಬೆಳಿಗ್ಗೆಯಿಂದ ಬಾರದಿದ್ದದ್ದೆಲ್ಲ ಬಂತು.

"ಇಳೀತೀರಾ ಅಕ್ಕ? ಏಣಿ ಹಿಡೀತೇನೆ," ಎಂದ ಬಾಸ್ತ್ಯಾಂವ್.

ನೀರು ಇಳಿದು ಮಾಡಿನ ಕಾಂಕ್ರೀಟು ಕಾಣತೊಡಗಿತ್ತು. ಶ್ರೀವಾಣಿ ಕೆನ್ನೆ ಅದಕ್ಕೆ ಒತ್ತಿ ಮಲಗಿದ್ದಳು, ಎಡಗೈ ಬಳೆಯಲ್ಲಿತ್ತು.